ಬೆಕ್ಕಿಗೂ ಬಜ್ಪೆಯಲ್ಲಿ ಇಳಿಯಲು ಬಿಡಿ

ಮಾನ್ಯ ಸಂಪಾದಕರೇ,

ಗಲ್ಫ್ ಬಿಟ್ಟು ಊರಿಗೆ ವಾಪಸಾಗುವವರ ಕಷ್ಟಸುಖ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಅವರ ಜೊತೆ ಬರುವ ಬೆಕ್ಕುಗಳ ಬಗ್ಗೆ ಯಾರೂ ಬರೆದದ್ದು ನಾನಂತೂ ನೋಡಿಲ್ಲ. ನಗಬೇಡಿ, ಈ ವರ್ಷ ನಮ್ಮ ಮನೆಯಲ್ಲಿ ಮಾವಿನ ಉಪ್ಪಿನಕಾಯಿ ಹಾಕದೆ ಹೋದದ್ದಕ್ಕೆ ಒಂದು ಬೆಕ್ಕೇ ಕಾರಣ.

ನನ್ನ ಅಕ್ಕನ ಮಗಳು ದುಬೈಯಲ್ಲಿ ನಾಲ್ಕು ವರ್ಷ ಇದ್ದಳು. ಅಲ್ಲಿ ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ ಸಿಕ್ಕಿದ ಬೀದಿ ಬೆಕ್ಕು, ಹೆಸರು ಚುಕ್ಕಿ. ಕೆಲಸ ಬಿಟ್ಟು ಉಡುಪಿಗೆ ಬರುವಾಗ ಅದನ್ನು ಬಿಟ್ಟು ಬರಲ್ಲ ಅಂತ ಹಟ ಹಿಡಿದಳು. ಅಕ್ಕ ಫೋನಿನಲ್ಲಿ, "ಹಟ್ಟಿಯಲ್ಲಿ ನಾಲ್ಕು ಬೆಕ್ಕು ಪುಕ್ಕಟೆ ಬಿದ್ದುಕೊಂಡಿವೆ, ಇದಕ್ಕೆ ವಿಮಾನದ ಟಿಕೆಟ್ ಬೇರೆಯಾ ಮಾರಾಯ್ತಿ" ಅಂದಳು. ಆದರೂ ಮಗಳ ಹಟವೇ ಗೆದ್ದಿತು.

ದುಬೈಯಿಂದ ಮಂಗಳೂರಿಗೆ ನೇರ ವಿಮಾನ ಇದೆ. ನಾಲ್ಕು ಗಂಟೆಯೊಳಗೆ ಬಜ್ಪೆ ವಿಮಾನ ನಿಲ್ದಾಣ, ಅಲ್ಲಿಂದ ಒಂದೂವರೆ ಗಂಟೆಯಲ್ಲಿ ಮನೆ. ಅದು ಮನುಷ್ಯರಿಗೆ. ಬೆಕ್ಕು, ನಾಯಿ ಹೊರದೇಶದಿಂದ ಬಂದು ಇಳಿಯಬೇಕಾದರೆ ಆ ಊರಿನಲ್ಲಿ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕೇಂದ್ರ ಇರಬೇಕು. ಮುಂಬೈ, ದೆಹಲಿ, ಚೆನ್ನೈ, ಕೋಲ್ಕತಾ, ಬೆಂಗಳೂರು, ಹೈದರಾಬಾದಿನಲ್ಲಿ ಇದೆ. ಮಂಗಳೂರಿನಲ್ಲಿ ಇಲ್ಲ. ಹಾಗಾಗಿ ಉಡುಪಿಗೆ ಹೋಗಬೇಕಾದ ಬೆಕ್ಕು ಮುಂಬೈಯಲ್ಲಿ ಇಳಿಯಿತು. ಬೆಂಗಳೂರು ಹತ್ತಿರ ಅಲ್ವಾ ಅಂತ ಕೇಳಬಹುದು. ಹತ್ತಿರವೇ, ಆದರೆ ಅಲ್ಲಿ ಚಿಕ್ಕಮ್ಮ ಇಲ್ಲ. ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ನಾನಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ನಾನು ನಿಯಮದ ವಿರುದ್ಧ ಬರೆಯುತ್ತಿಲ್ಲ. ಹೊರಗಿನಿಂದ ಬರುವ ಪ್ರಾಣಿಗಳಿಗೆ ತಪಾಸಣೆ ಬೇಕು. ಇದಕ್ಕೆ 1898ರಿಂದಲೇ ಕಾನೂನು ಇದೆ. ರೇಬಿಸ್ ಅನ್ನುವುದು ಕಚ್ಚಿದ ಮರುದಿನ ಕಾಣಿಸಿಕೊಳ್ಳುವ ರೋಗ ಅಲ್ಲ, ವಾರಗಟ್ಟಲೆ, ತಿಂಗಳುಗಟ್ಟಲೆ ಸುಮ್ಮನೆ ಒಳಗೆ ಕೂತಿರುತ್ತದೆ, ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲವೇ ಇಲ್ಲ ಅನ್ನಬೇಕು. ಹಾಗಾಗಿ ಚುಚ್ಚುಮದ್ದು ಯಾವಾಗ ಆಯಿತು ಅಂತ ತಾರೀಖು ಹಿಡಿದು ಕೇಳುವುದರಲ್ಲಿ ತಪ್ಪೇನಿಲ್ಲ.

ನಾವು ಮುಗ್ಗರಿಸಿದ್ದೂ ಆ ತಾರೀಖಿನಲ್ಲೇ. ರೇಬಿಸ್ ಚುಚ್ಚುಮದ್ದು ಹೊರಡುವುದಕ್ಕೆ ಒಂದು ತಿಂಗಳಿಗಿಂತ ಮೊದಲೇ ಆಗಿರಬೇಕು, ಆದರೆ ಒಂದು ವರ್ಷ ದಾಟಿರಬಾರದು. ಚುಕ್ಕಿಯ ಹಳೆಯ ಚುಚ್ಚುಮದ್ದಿಗೆ 14 ತಿಂಗಳಾಗಿತ್ತು. ದುಡ್ಡು ಕೊಟ್ಟು ಹಿಡಿದಿದ್ದ ಏಜೆಂಟ್ "ಈಗ ಇನ್ನೊಂದು ಹಾಕಿಸಿಬಿಡಿ ಮೇಡಂ, ನಡೀತದೆ" ಅಂದ. ಹಾಕಿಸಿದಳು. ಹೊರಡಲು ಆಗ 19 ದಿನ ಇತ್ತು. ಟಿಕೆಟ್ ಆಗಿದೆ, ಮನೆ ಖಾಲಿ ಮಾಡಿ ಆಗಿದೆ, ಸೋಫಾ ಮಾರಿ ಆಗಿದೆ, ಆಮೇಲೆ ಗೊತ್ತಾಯಿತು ನಡೆಯಲ್ಲ ಅಂತ. ಎರಡು ವಾರ ಗೆಳತಿಯ ಮನೆಯಲ್ಲಿ ನೆಲದ ಮೇಲೆ ಮಲಗಿದಳು. ಏಜೆಂಟ್ ಟಿಕೆಟ್ ಬದಲಿಸಿದ್ದಕ್ಕೂ ದುಡ್ಡು ತಗೊಂಡ.

ಇನ್ನೊಂದು ಸಂಗತಿ ತುಂಬ ಜನರಿಗೆ ಗೊತ್ತಿಲ್ಲ. ವಿದೇಶದಲ್ಲಿ ಕನಿಷ್ಠ ಎರಡು ವರ್ಷ ಇದ್ದು, ಮನೆಮಠ ಬದಲಿಸಿ ಬರುವವರು ತಮ್ಮ ಸಾಮಾನಿನ ಲೆಕ್ಕದಲ್ಲಿ ಎರಡು ಸಾಕುಪ್ರಾಣಿ ತರಬಹುದು. ಉಳಿದವರು ವಿದೇಶ ವ್ಯಾಪಾರದ ಇಲಾಖೆಯಿಂದ ಲೈಸೆನ್ಸ್ ತಗೊಳ್ಳಬೇಕು, ಹೊರದೇಶದಿಂದ ಮಾಲು ತರಿಸುವವರ ಹಾಗೆ. ನಮ್ಮ ಬಿಲ್ಡಿಂಗಿನವರ ಮಗ 11 ತಿಂಗಳ ಕೆಲಸ ಮುಗಿಸಿ ಮಸ್ಕತ್‌ನಿಂದ ಬರುವಾಗ ಇದಕ್ಕೇ ಸಿಕ್ಕಿಬಿದ್ದು ಬೆಕ್ಕನ್ನು ಅಲ್ಲೇ ಯಾರಿಗೋ ಕೊಟ್ಟು ಬಂದ. ಈಗಲೂ ಅದರ ಫೋಟೋ ತೋರಿಸುತ್ತಾನೆ.

ಕಾಗದ ಪತ್ರ ಅಂದರೆ: ಕ್ವಾರಂಟೈನ್ ಕೇಂದ್ರದಿಂದ ಮುಂಚಿತವಾಗಿ ಎನ್‌ಒಸಿ (ಅಭ್ಯಂತರ ಇಲ್ಲ ಅನ್ನುವ ಪತ್ರ), ಅಲ್ಲಿನ ಸರ್ಕಾರದ ಆರೋಗ್ಯ ಸರ್ಟಿಫಿಕೇಟ್, ಚುಚ್ಚುಮದ್ದಿನ ಪುಸ್ತಕ, ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ದೊಡ್ಡ ಮೈಕ್ರೋಚಿಪ್. ಅದರಲ್ಲಿ 15 ಅಂಕಿಯ ನಂಬರ್ ಇರುತ್ತದೆ, ಅದೇ ನಂಬರ್ ಎಲ್ಲ ಕಾಗದದಲ್ಲೂ ಇರಬೇಕು. ಒಂದು ಅಂಕಿ ಆಚೀಚೆ ಆದರೂ ಕಾಗದದ ಬೆಕ್ಕು ಬೇರೆ, ಪೆಟ್ಟಿಗೆಯ ಬೆಕ್ಕು ಬೇರೆ.

ಮುಂಬೈ ವಿಮಾನ ನಿಲ್ದಾಣದ ಸಹಾರ್ ಕಾರ್ಗೋದಲ್ಲಿ ನಾವು ಬೆಳಿಗ್ಗೆಯಿಂದ ಕಾದೆವು. ನಮ್ಮವರು ಮೂರು ಸಲ ಚಹಾ ಕುಡಿದರು. ಕೊನೆಗೆ ಪೆಟ್ಟಿಗೆ ಬಂತು. ಪ್ಲಾಸ್ಟಿಕ್ ಪೆಟ್ಟಿಗೆ, ಬಾಗಿಲಿಗೆ ಸಿಕ್ಕಿಸಿದ ಎರಡು ಪುಟ್ಟ ಬಟ್ಟಲು, ಮೇಲೆ ಬಾಣದ ಗುರುತಿನ ಹಸಿರು ಚೀಟಿ. ಒಳಗೆ ಅಕ್ಕನ ಮಗಳ ಹಳೆಯ ಕುರ್ತಾದ ಅಡಿಯಿಂದ ಎರಡು ಕಣ್ಣು ಮಾತ್ರ ಕಾಣುತ್ತಿತ್ತು. ಡಾಕ್ಟರು ಸ್ಕ್ಯಾನರನ್ನು ಹೆಗಲ ಹತ್ತಿರ ಆಡಿಸಿದರು, ಮೊದಲ ಸಲ ಏನೂ ಬರಲಿಲ್ಲ. ಅಕ್ಕನ ಮಗಳ ಮುಖ ಬಿಳಿಚಿಕೊಂಡಿತು. ಎರಡನೇ ಸಲ ಕೀಂಯ್ ಅಂತ ಸದ್ದಾಯಿತು, ನಂಬರ್ ಬಂತು, ಡಾಕ್ಟರು ಒಂದೊಂದೇ ಅಂಕಿ ಓದಿ ಟಿಕ್ ಹಾಕಿದರು. ಬಾಯಿ, ಕಣ್ಣು, ಕಿವಿ ನೋಡಿ ಬಿಟ್ಟರು. ನೆಂಟರೆಲ್ಲ ಆರು ತಿಂಗಳು ಜೈಲಿಗೆ ಹಾಕುತ್ತಾರೆ ಅಂತ ಹೆದರಿಸಿದ್ದರು! ಕಾಗದ ಸರಿಯಿದ್ದು ಪ್ರಾಣಿ ಆರೋಗ್ಯವಾಗಿದ್ದರೆ ಸಾಮಾನ್ಯವಾಗಿ ಮನೆಗೇ ಬಿಡುತ್ತಾರೆ. ಆರೋಗ್ಯ ಸರ್ಟಿಫಿಕೇಟ್ ಇಲ್ಲದಿದ್ದರೆ 30 ದಿನ ಇಟ್ಟುಕೊಳ್ಳಬಹುದು.

ಆಮೇಲೆ ಒಂಬತ್ತು ದಿನ ಚುಕ್ಕಿ ನಮ್ಮ ಮನೆಯ ಗೋದ್ರೆಜ್ ಕಪಾಟಿನ ಹಿಂದೆ. ರಾತ್ರಿ ಮಾತ್ರ ಹೊರಗೆ. ಉಪ್ಪಿನಕಾಯಿಗೆ ಅಂತ ಒಣಹಾಕಿದ್ದ ಮಾವಿನ ಹೋಳಿನ ಮೇಲೆ ಏನು ಮಾಡಿತು ಅಂತ ಇಲ್ಲಿ ಬರೆಯುವುದಿಲ್ಲ. ಹತ್ತನೇ ದಿನ ಬಾಡಿಗೆ ಕಾರು ಮಾಡಿ ಪನ್ವೇಲ್ ದಾಟಿ ಉಡುಪಿಗೆ, 800ಕ್ಕೂ ಹೆಚ್ಚು ಕಿಲೋಮೀಟರ್, ಎರಡು ದಿನ. ಕಾರಿಗೆ ಕೊಟ್ಟ ದುಡ್ಡು ದುಬೈ ಟಿಕೆಟಿಗಿಂತ ಜಾಸ್ತಿ. ಕಶೇಡಿ ಘಾಟಿಯಲ್ಲಿ ಅದು ಕೂಗಿದ ಕೂಗಿಗೆ ಡ್ರೈವರ್ ಎರಡು ಸಲ ಗಾಡಿ ನಿಲ್ಲಿಸಿದನಂತೆ.

ನನ್ನ ಬೇಡಿಕೆ ಎರಡೇ. ಗಲ್ಫ್‌ನಲ್ಲಿ ಕರಾವಳಿಯ ಜನ ಎಷ್ಟಿದ್ದಾರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಮಂಗಳೂರು ವಿಮಾನ ನಿಲ್ದಾಣದಲ್ಲಿ ಒಂದು ಪುಟ್ಟ ತಪಾಸಣೆ ಕೇಂದ್ರ ಬೇಕು, ದಿನಾ ಅಲ್ಲದಿದ್ದರೆ ವಾರಕ್ಕೆ ಎರಡು ದಿನವಾದರೂ ಸಾಕು, ಮುಂಚಿತವಾಗಿ ಹೇಳಿ ಬರುತ್ತಾರೆ. ಬೇಕಿರುವುದು ಒಬ್ಬ ಪಶುವೈದ್ಯರು, ಒಂದು ಸ್ಕ್ಯಾನರ್, ನಾಲ್ಕು ಗೂಡು. ನಮ್ಮ ಸಂಸದರು ಇದನ್ನು ಕೇಳಬೇಕು, ಬೆಕ್ಕಿನ ವಿಷಯ ಅಂತ ನಾಚಿಕೊಳ್ಳಬಾರದು.

ಎರಡನೆಯದು ಇನ್ನೂ ಸುಲಭ. ಈ ನಿಯಮಗಳನ್ನು ಒಂದೇ ಒಂದು ಪುಟದಲ್ಲಿ, ಕನ್ನಡದಲ್ಲಿ, ಮಲಯಾಳದಲ್ಲಿ, ಮರಾಠಿಯಲ್ಲಿ ಅಚ್ಚು ಹಾಕಿಸಿ. ಮೊದಲ ಸಾಲಿನಲ್ಲೇ ಚುಚ್ಚುಮದ್ದಿನ ತಾರೀಖಿನ ವಿಷಯ ಇರಲಿ. ಅಷ್ಟು ಗೊತ್ತಿದ್ದಿದ್ದರೆ ನಮ್ಮ ಹುಡುಗಿ ಏಜೆಂಟನ ಮಾತು ಕೇಳುತ್ತಿರಲಿಲ್ಲ.

ನಮ್ಮವರ ಸೋದರತ್ತೆಯ ಮೊಮ್ಮಗ ಡಿಸೆಂಬರಿನಲ್ಲಿ ಶಾರ್ಜಾದಿಂದ ಬರುತ್ತಾನಂತೆ. ಎರಡು ಬೆಕ್ಕು. ನಿನ್ನೆ ಫೋನ್ ಮಾಡಿದಾಗ ನಾನು ಊಟ ಆಯಿತಾ ಅಂತ ಕೇಳಲಿಲ್ಲ, ಚುಚ್ಚುಮದ್ದು ಯಾವ ತಾರೀಖು ಅಂತ ಕೇಳಿದೆ.

ಇಂತಿ,
ಒಬ್ಬ ಓದುಗಿ, ಡೊಂಬಿವಲಿ ಪೂರ್ವ