ಓ-ತ್ರೀ ಫಿಲ್ಟರ್‌ನಲ್ಲಿ ದೋಷ: ಬದಲಿಸಿ ಕೊಡಿ, ಇಲ್ಲವೇ ಹಣ ವಾಪಸ್ ಮಾಡಿ

ಗ್ರಾಹಕ ಸೇವಾ ವಿಭಾಗದವರಿಗೆ,

ನಮಸ್ಕಾರ.

ನಿಮ್ಮಿಂದ ತರಿಸಿಕೊಂಡ 3 ನ್ಯಾನೋಮೀಟರ್ ಓ-ತ್ರೀ ಫಿಲ್ಟರ್ (ನೀಹಾರಿಕೆಯ ಆಮ್ಲಜನಕದ ಬೆಳಕನ್ನು ಆರಿಸಿ ಕ್ಯಾಮೆರಾಗೆ ಬಿಡುವ ಗಾಜು) ಬಗ್ಗೆ ಹಿಂದೆಯೇ ದೂರು ಕೊಟ್ಟಿದ್ದೆ. 'ಫೋಟೋ ಪ್ರೊಸೆಸಿಂಗ್ ಸರಿಯಾಗಿ ಮಾಡಿ' ಅಂತ ಉತ್ತರ ಬಂತು. ಅದನ್ನು ನಾನು ಒಪ್ಪುವುದಿಲ್ಲ. ದಯವಿಟ್ಟು ಈ ಪತ್ರವನ್ನು ಫಿಲ್ಟರ್ ಬಗ್ಗೆ ತಿಳಿದವರ ಕೈಗೆ ಕೊಡಿ.

ನೀಹಾರಿಕೆಯ ಆಮ್ಲಜನಕದ ಬೆಳಕು ಮುಖ್ಯವಾಗಿ ಬರುವುದು 500.7 ನ್ಯಾನೋಮೀಟರ್‌ನಲ್ಲಿ. ಫಿಲ್ಟರ್‌ನ ಕಿಂಡಿ, ಅಂದರೆ ಅದು ಒಳಗೆ ಬಿಡುವ ತರಂಗಾಂತರಗಳ ಪಟ್ಟಿ, ಬರೀ 3 ನ್ಯಾನೋಮೀಟರ್‌ನಷ್ಟು ಕಿರಿದಾಗಿರುವಾಗ, ಒಂದೆರಡು ನ್ಯಾನೋಮೀಟರ್ ಆಚೀಚೆ ಆದರೂ ಆ ಬೆಳಕು ಹೊರಗೇ ಉಳಿಯುತ್ತದೆ. ನನ್ನ ಫಿಲ್ಟರ್‌ನಲ್ಲಿ ಆಗಿರುವುದು ಇದೇ. ಗೆಳೆಯರ ಬಳಿ ಬೇರೆ ಕಂಪನಿಯ 3 ನ್ಯಾನೋಮೀಟರ್ ಫಿಲ್ಟರ್ ಇದೆ. ಒಂದೇ ರಾತ್ರಿ, ಒಂದೇ ಟೆಲಿಸ್ಕೋಪ್, ಒಂದೇ ಕ್ಯಾಮೆರಾ, ಅಷ್ಟೇ ಎಕ್ಸ್‌ಪೋಷರ್ ಇಟ್ಟು ಎರಡರಲ್ಲೂ ವೇಲ್ ನೀಹಾರಿಕೆ ತೆಗೆದೆವು. ನಕ್ಷತ್ರಗಳು ಎರಡರಲ್ಲೂ ಅಷ್ಟೇ ಹೊಳಪಾಗಿವೆ. ಆದರೆ ಅವರ ಚಿತ್ರದಲ್ಲಿ ಎಳೆ ಎಳೆಯಾಗಿ ಕಾಣುವ ನೀಹಾರಿಕೆ ನಿಮ್ಮ ಫಿಲ್ಟರ್‌ನಲ್ಲಿ ಮಾಸಿಹೋಗಿದೆ. ನಕ್ಷತ್ರದ ಬೆಳಕಲ್ಲಿ ಎಲ್ಲ ಬಣ್ಣವೂ ಇರುತ್ತದೆ, ಕಿಂಡಿ ಎಲ್ಲಿದ್ದರೂ ಒಳಗೆ ಬರುತ್ತದೆ. ನೀಹಾರಿಕೆಯದ್ದು ಹಾಗಲ್ಲ. ಸೆನ್ಸರ್‌ಗೆ ತಲುಪದೇ ಇರುವ ಬೆಳಕನ್ನು ಯಾವ ಪ್ರೊಸೆಸಿಂಗ್ ತಂದುಕೊಡುತ್ತದೆ, ಹೇಳಿ?

ಎಫ್/2 ನಂಥ ವೇಗದ ಟೆಲಿಸ್ಕೋಪ್‌ನಲ್ಲಿ ಬೆಳಕು ಓರೆಯಾಗಿ ಬಿದ್ದು ಕಿಂಡಿ ನೀಲಿಯ ಕಡೆಗೆ ಸರಿಯುವುದು ನನಗೂ ಗೊತ್ತು. ನನ್ನದು ಎಫ್/7, ಅದರಲ್ಲಿ ಬೆಳಕು ಅಷ್ಟು ಓರೆಯಾಗಿ ಬೀಳುವುದಿಲ್ಲ. ಆ ನೆಪ ಇಲ್ಲಿ ನಡೆಯುವುದಿಲ್ಲ.

ಇನ್ನೊಂದು ತೊಂದರೆ ನಕ್ಷತ್ರಗಳ ಸುತ್ತ ಮೂಡುವ ಬಿಲ್ಲೆಯದ್ದು. ವೇಲ್‌ನ ಪಶ್ಚಿಮ ಭಾಗದಲ್ಲಿ 52 ಸಿಗ್ನಿ ಅನ್ನುವ ನಕ್ಷತ್ರವಿದೆ. ಅದರ ಸುತ್ತ ದೊಡ್ಡ ಮಸುಕು ಬಿಲ್ಲೆ ಮೂಡಿ, ಪಕ್ಕದ ಸಣ್ಣ ಎಳೆಗಳನ್ನೆಲ್ಲ ನುಂಗಿದೆ. ಮಿಕ್ಕ ಹೊಳಪಾದ ನಕ್ಷತ್ರಗಳ ಸುತ್ತಲೂ ಅದೇ ಅಳತೆಯ ಬಿಲ್ಲೆ. ಗೆಳೆಯರ ಫಿಲ್ಟರ್ ಹಾಕಿದರೆ ಮಾಯ. ಇದು ಫಿಲ್ಟರ್ ಗಾಜಿನ ಪ್ರತಿಫಲನ ಅಲ್ವಾ?

ನಾನು ಇದನ್ನು ಕೊಂಡಿದ್ದೇ ಔ4 ಅನ್ನುವ ಸ್ಕ್ವಿಡ್ ನೀಹಾರಿಕೆಗಾಗಿ. ಅದು ಎಷ್ಟು ಮಸುಕು ಅಂದರೆ 2011ರವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕಾಣುವುದೂ ಹೆಚ್ಚುಕಡಿಮೆ ಓ-ತ್ರೀ ಬೆಳಕಿನಲ್ಲಿ ಮಾತ್ರ. ಚಂದ್ರನಿಲ್ಲದ, ಮೋಡವಿಲ್ಲದ ಎಷ್ಟೋ ರಾತ್ರಿಗಳನ್ನು ಒಟ್ಟು ಸೇರಿಸಿದರೆ ಸಿಗುವ ಚಿತ್ರ ಅದು. ಆ ರಾತ್ರಿಗಳು ಸುಮ್ನೆ ಹೋದವು. ಹಣಕ್ಕಿಂತ ನನಗೆ ಜಾಸ್ತಿ ಬೇಸರ ಅದಕ್ಕೇ.

ನನ್ನ ಫಿಲ್ಟರ್‌ನ ಸೀರಿಯಲ್ ನಂಬರಿಗೆ ಸೇರಿದ, ಯಾವ ತರಂಗಾಂತರದ ಬೆಳಕನ್ನು ಎಷ್ಟು ಬಿಡುತ್ತದೆ ಅಂತ ಅಳತೆ ಮಾಡಿದ ಗ್ರಾಫ್ ಕಳಿಸಿ. ಜಾಹೀರಾತಿನ ಮಾದರಿ ಗ್ರಾಫ್ ಬೇಡ. ಗ್ರಾಫ್ ಇಲ್ಲದಿದ್ದರೆ ಫಿಲ್ಟರನ್ನು ತರಿಸಿಕೊಂಡು ನೀವೇ ಅಳೆಯಿರಿ. ದೋಷ ಕಂಡರೆ ಪರೀಕ್ಷಿಸಿದ ಇನ್ನೊಂದನ್ನು ಕೊಡಿ, ಆಗದಿದ್ದರೆ ಸಾಗಣೆ ಖರ್ಚಿನ ಸಮೇತ ಪೂರ್ತಿ ಹಣ ವಾಪಸ್ ಮಾಡಿ. ಎರಡೂ ಫಿಲ್ಟರ್‌ಗಳ ಕಚ್ಚಾ ಫೈಲ್‌ಗಳನ್ನು ಇದರ ಜೊತೆಗೇ ಕಳಿಸಿದ್ದೇನೆ. ಅವುಗಳನ್ನು ತೆರೆದು ನೋಡಿದ ಮೇಲೆಯೇ ಉತ್ತರ ಬರೆಯಿರಿ.

ಇಂತಿ,
ನಿಮ್ಮ ಗ್ರಾಹಕ