ಧ್ಯಾನ ಶಿಬಿರದ ಫಾರಂನಲ್ಲಿ ಇನ್ನೊಂದು ಸಾಲು ಇರಲಿ

ಮಾನ್ಯ ಸಂಪಾದಕರೇ,

ನಮ್ಮೂರಿನ ಕಲ್ಯಾಣ ಮಂಟಪದಲ್ಲಿ ಮೊನ್ನೆ ಉಚಿತ ಧ್ಯಾನ ಶಿಬಿರ ನಡೆಯಿತು. ಸಂತೋಷ. ನಾನೂ ಬೆಳಿಗ್ಗೆ ಎದ್ದು ಉಸಿರು ಗಮನಿಸುತ್ತಾ ಕೂರುವವಳೇ. ಹಾಗಂತ ಬಿಪಿ ಮಾತ್ರೆ ಬಿಟ್ಟಿಲ್ಲ. ಅಲ್ಲಿ ವೇದಿಕೆ ಮೇಲಿಂದ ‘ಧ್ಯಾನ ಹಿಡಿದರೆ ಯಾವ ಮಾತ್ರೆಯೂ ಬೇಡ’ ಎಂದರು. ಅದಕ್ಕೇ ಈ ಪತ್ರ.

ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು ನಾನು. ಮಂಗಳವಾರ ಮನಸ್ಸಿನ ತೊಂದರೆಗೆ ಚಿಕಿತ್ಸೆ ಕೊಡುವ ಮನೋಚೈತನ್ಯ ಕ್ಲಿನಿಕ್ಕಿಗೆ ಬಂದವರ ಮಾತು ಬೇಕಾದಷ್ಟು ಕೇಳಿದ್ದೇನೆ. ತೀರಿಕೊಂಡ ಯಜಮಾನರು ರಾತ್ರಿ ಜಗಲಿಯಲ್ಲಿ ಕೆಮ್ಮುತ್ತಾರೆ ಎನ್ನುವ ಅಜ್ಜಿಗೆ ಅದರಿಂದ ತೊಂದರೆಯಿರಲಿಲ್ಲ, ಧೈರ್ಯವೇ ಇತ್ತು. ಅದನ್ನು ಕಾಯಿಲೆ ಅನ್ನೋಕಾಗುತ್ತಾ? 18 ದೇಶಗಳ 31 ಸಾವಿರ ಜನರನ್ನು ಕೇಳಿದ ಸಮೀಕ್ಷೆಯೊಂದು 2015ರಲ್ಲಿ ಪ್ರಕಟವಾಯಿತು. ಇಲ್ಲದ ದನಿ ಕೇಳುವ, ಇಲ್ಲದ್ದು ಕಾಣುವಂಥ ಅನುಭವ ಜೀವನದಲ್ಲಿ ಒಮ್ಮೆಯಾದರೂ ಆಗಿದೆ ಎಂದು ನೂರಕ್ಕೆ ಸುಮಾರು ಆರು ಜನ ಹೇಳಿಕೊಂಡಿದ್ದರು. ಹೆಚ್ಚಿನವರಿಗೆ ಆಗಿದ್ದು ಬೆರಳೆಣಿಕೆಯಷ್ಟು ಸಲ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದವರೆಲ್ಲ ಹುಚ್ಚರಾಗಿರಲಿಲ್ಲ, ಅಲ್ವಾ?

ಪಕ್ಕದ ಮನೆಯವರು ಅನ್ನಕ್ಕೆ ಏನೋ ಬೆರೆಸುತ್ತಾರೆ ಎಂದು ಊಟ, ನಿದ್ದೆ ಎರಡನ್ನೂ ಬಿಟ್ಟು ಬಂದ ಹುಡುಗನದು ಬೇರೆ ಕಥೆ. ಅಂಥವರು ಮಾತ್ರೆ ತಗೊಂಡು, ಚೇತರಿಸಿಕೊಂಡು, ಮತ್ತೆ ಅಂಗಡಿ ಕೆಲಸಕ್ಕೆ ಹೋಗುವುದನ್ನು ನೋಡಿದ್ದೇನೆ. ಅವರನ್ನು ದಿನವಿಡೀ ಮೌನವಾಗಿ ಕಣ್ಣು ಮುಚ್ಚಿಸಿ ಕೂರಿಸಿದರೆ ನಿಂತಿದ್ದ ಅನುಮಾನ, ಕಿವಿಯಲ್ಲಿ ಕೇಳುವ ದನಿಗಳು ಮತ್ತೆ ಶುರುವಾಗಬಹುದು. ಮಾತ್ರೆಯನ್ನೂ ಬಿಡಿಸಿದರೆ ಕೇಳಲೇಬೇಡಿ. ಅವರಿಗೆ ಧ್ಯಾನವೇ ಬೇಡ ಎನ್ನುತ್ತಿಲ್ಲ. ಡಾಕ್ಟರಿಗೆ ಹೇಳಿ, ಐದು ಹತ್ತು ನಿಮಿಷ, ಕಣ್ಣು ತೆರೆದುಕೊಂಡೇ ಮಾಡಬಹುದು. ಭಯ ಹೆಚ್ಚಾದರೆ ಎದ್ದು ಬರಬೇಕು. ಹಾಗೆ ಎದ್ದವರನ್ನು ‘ಮನಸ್ಸು ಗಟ್ಟಿಯಿಲ್ಲ’ ಎಂದು ಹೀಯಾಳಿಸಬಾರದು.

ಹತ್ತು ದಿನದ ವಿಪಶ್ಯನ ಶಿಬಿರದ ಅರ್ಜಿಯಲ್ಲಿ ಮಾನಸಿಕ ಕಾಯಿಲೆ ಬಗ್ಗೆ ಕೇಳುತ್ತಾರೆ. ನಮ್ಮೂರ ಶಿಬಿರದ ಫಾರಂನಲ್ಲಿ ಹೆಸರು, ಮೊಬೈಲ್ ನಂಬರ್, ಟೀ ಶರ್ಟ್ ಸೈಜ್ ಇತ್ತು. ಅಷ್ಟೇ. ಸೈಜ್ ಕೇಳುವವರು ಮನಸ್ಸಿಗೆ ಮಾತ್ರೆ ತಗೋತಿದ್ದೀರಾ ಎಂದೂ ಒಂದು ಸಾಲು ಸೇರಿಸಲಿ. ಉತ್ತರವನ್ನು ಎಲ್ಲರೆದುರು ಓದದಿದ್ದರೆ ಸಾಕು. ಬ್ಯಾನರಿನಲ್ಲಿ ಗಣ್ಯರ ಫೋಟೊ ಒಂದೆರಡು ಕಡಿಮೆ ಮಾಡಿ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಹಾಕಿಸಲಿ. ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

– ನಿವೃತ್ತ ಸ್ಟಾಫ್ ನರ್ಸ್, ಅರಸೀಕೆರೆ