ಪೆಲೆಟ್ ಬದಲಿಸುವ ಮುನ್ನ ಪರೀಕ್ಷಿಸಿ

ಮಾನ್ಯರೇ,

10 ಮೀಟರ್ ಏರ್ ರೈಫಲ್ ಕಲಿಯುವ ಕಾರವಾರ, ಶಿರಸಿಯ ಮಕ್ಕಳು ರೂಢಿಯ ಪೆಲೆಟ್ (ಸೀಸದ ಪುಟ್ಟ ಗುಂಡು) ಮುಗಿದಾಗ ಅಂಗಡಿಯಲ್ಲಿ ಸಿಕ್ಕಿದ್ದನ್ನೇ ತರುತ್ತಾರೆ. ಅಂಕ ಇಳಿದರೆ ಪಾಪ, ಬೈಗುಳ ಅವರ ಕೈಗೆ! ಗುರಿಫಲಕದ ನಡುವಿನ, ಹತ್ತು ಅಂಕದ ಚುಕ್ಕೆಯ ವ್ಯಾಸ ಬರೀ ಅರ್ಧ ಮಿಲಿಮೀಟರ್. ಹೀಗಿರುವಾಗ ಪೆಲೆಟ್ಟಿನ ತಲೆ 4.49 ಮಿ.ಮೀ. ಇದೆಯೋ 4.51 ಇದೆಯೋ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಡಬ್ಬಿಯ ಮೇಲಿನ ಹೆಸರು, 0.53 ಗ್ರಾಂ ತೂಕ ಒಂದೇ ಇದ್ದರೂ ಬ್ಯಾಚ್ (ಒಮ್ಮೆಗೆ ತಯಾರಾದ ಕಂತು) ಬದಲಾದರೆ ಅದೇ ಬ್ಯಾರೆಲ್ (ರೈಫಲಿನ ನಳಿಕೆ) ಚದುರಿಸಿ ಹೊಡೆಯಬಹುದು.

ಹೊಡೆದು ನೋಡದೆ ಬೇರೆ ದಾರಿಯಿಲ್ಲ. ರೈಫಲನ್ನು ಅಲುಗಾಡದಂತೆ ಹಿಡಿಯುವ ವೈಸ್‌ಗೆ ಬಿಗಿದು, ಹೊಸ ಪೆಲೆಟ್ಟಿನ ಮೊದಲ ಕೆಲವು ಹೊಡೆತ ಲೆಕ್ಕಕ್ಕೆ ಹಿಡಿಯದೆ, ಒಂದೊಂದು ಬ್ಯಾಚಿನಿಂದ ಹತ್ತು ಹೊಡೆಯಿರಿ. ತೂತುಗಳ ಗುಂಪನ್ನು ಹೊರ ಅಂಚಿನಿಂದ ಹೊರ ಅಂಚಿಗೆ ಕ್ಯಾಲಿಪರ್‌ನಲ್ಲಿ (ಸೂಕ್ಷ್ಮ ಅಳತೆಯ ಸಾಧನ) ಅಳೆಯಿರಿ. ಆರು ಮಿ.ಮೀ. ಒಳಗಿದ್ದರೆ ಸ್ಪರ್ಧೆಗೆ ಇಟ್ಟುಕೊಳ್ಳಿ, ಅದೇ ಬ್ಯಾಚನ್ನು ಇಡೀ ವರ್ಷಕ್ಕೆ ಕೊಳ್ಳಿ. ಏಳು ದಾಟಿದ್ದು ಅಭ್ಯಾಸಕ್ಕಷ್ಟೇ.

ನಮ್ಮ ಕಡಲತೀರದ ತೇವಕ್ಕೆ ಸೀಸ ಬಿಳಿಪುಡಿ ಹಿಡಿಯುತ್ತದೆ, ಮಳೆಗಾಲದಲ್ಲಂತೂ ಬೇಗ. ಅಂಥದ್ದನ್ನು ಬಳಸಲೇಬೇಡಿ. ಒಳ್ಳೆಯ ಪೆಲೆಟ್ಟನ್ನು ಗಾಳಿಯಾಡದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಜೊತೆಗಿಡಿ, ಮುಟ್ಟಿದ ಕೈ ಸೋಪಿನಿಂದ ತೊಳೆಯಿರಿ.

ಜಿಲ್ಲೆಯ ಕ್ರೀಡಾ ಇಲಾಖೆ ಇಂಥ ಒಂದು ವೈಸ್ ಮತ್ತು ಬೇರೆ ಬೇರೆ ತಲೆ ಅಳತೆಯ ಮಾದರಿ ಡಬ್ಬಿಗಳನ್ನು ಮಕ್ಕಳಿಗೆ ಒದಗಿಸಬೇಕು.

– ಶೂಟಿಂಗ್ ಆಸಕ್ತರು, ಕಾರವಾರ